ಕಪಾಟಿನ ಮೇಲಿನ ಸರ್ವರ್: ಅಗ್ಗದ ಲಿನಕ್ಸ್ ಕಂಪ್ಯೂಟರಿನ ಇತಿಹಾಸ

ಭಾಗ 1/10

ಗವಿಮಠದ ಅಶೋಕನ ಶಾಸನ ಆತು, ಇಟಗಿ ಮಹಾದೇವ ಗುಡಿ ಆತು, ಈ ಸಲ ಕಂಪ್ಯೂಟರ್. ಮುಖ ಸಿಂಡರಿಸಬ್ಯಾಡ್ರಿ, ಇದೂ ಇತಿಹಾಸನ. ಒಂದ್ ಕ್ಯಾಪ್ಷನ್‌ಗೆ 2,200 ಅಕ್ಷರ ಮಾತ್ರ ಬಿಡ್ತಾರ, ಅದಕ್ಕ ಹತ್ತು ಪೋಸ್ಟ್ ಮಾಡೀನಿ. ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ.

ಫೋಟೋದಾಗ ಕಾಣೋದು ನಮ್ಮ ಮನಿ ಕಪಾಟು. ಅದರ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ ಹಳೆ ಲ್ಯಾಪ್‌ಟಾಪ್. ಸ್ಕ್ರೀನ್ ಎಡಗಡೆ ಅರ್ಧ ಕಪ್ಪು, ಕೀಬೋರ್ಡಿನಾಗ ಎರಡು ಕೀ ಇಲ್ಲ. ಪಕ್ಕದಾಗ ವೈಫೈ ರೂಟರ್, ಅಲ್ಲಿಂದ ಒಂದು ಹಳದಿ ಕೇಬಲ್ ಬಂದು ಇದಕ್ಕ ಸೇರೇತಿ. ಇದು ನಮ್ಮ ಮನಿ ಸರ್ವರ್. ಸರ್ವರ್ ಅಂದ್ರ ದೊಡ್ಡ ಮಾತೇನಲ್ಲ. 24 ತಾಸೂ ಎಚ್ಚರ ಇದ್ದು, ಮನಿಯವರ ಫೋನು ಕೇಳಿದಾಗ ಫೈಲ್ ಕೊಡೋ, ಕೊಟ್ಟಾಗ ಜ್ವಾಕಿಲೆ ಇಟ್ಕೊಳ್ಳೋ ಕಂಪ್ಯೂಟರ್ ಅಷ್ಟ.

ಯಾಕ ಬೇಕಾತು ಅಂದ್ರ, ನಮ್ಮ ಅಜ್ಜಿ ಬೀಸುಕಲ್ಲಿನ ಪದ ಹಾಡ್ತಿದ್ಲು. ಬೀಸುಕಲ್ಲು ಎಂದೋ ಹಿತ್ತಲಿಗೆ ಹೋಗಿತ್ತು, ಪದ ಮಾತ್ರ ಬಾಯಾಗ ಉಳದಿದ್ದುವು. ಎರಡು ಬ್ಯಾಸಿಗಿ ಸೂಟಿಯಾಗ ಅಕಿ ಮುಂದ ಕುಂತು ನಲವತ್ತರ ಹತ್ರ ಪದ ಫೋನಿನಾಗ ರೆಕಾರ್ಡ್ ಮಾಡಿದ್ದೆ. ಆ ಫೋನು ಒಂದಿನ ಕಾಲುವೆ ನೀರಿಗೆ ಬಿತ್ತು. ಅವರಿವರಿಗೆ ವಾಟ್ಸಾಪ್ ಮಾಡಿದ್ದ 11 ಪದ ಉಳದುವು. ಅಜ್ಜಿ ಈಗ ಇಲ್ಲ.

ಅಪ್ಪನ ಮುಂದ ಕುಂತು ಕೇಳಿದೆ. "5,000 ಕೊಡ್ತೀನಿ, ಅದರಾಗ ಏನ್ ಮಾಡ್ಕೊಂತಿ ಮಾಡ್ಕೊ" ಅಂದ. ಅವ್ವ ಒಂದ ಷರತ್ತು ಹಾಕಿದ್ಲು: ಕರೆಂಟ್ ಬಿಲ್ ಸೊನ್ನಿ ಬರ್ತೈತಿ, ಸೊನ್ನಿನ ಬರ್ಬೇಕು. ಈ ಎರಡು ಮಾತು ಹಿಡ್ಕೊಂಡು ಯಾವ ಕಂಪ್ಯೂಟರ್ ತಗೊಳ್ಳೋದು ಅಂತ ಹುಡುಕಾಕ ಹೋದೆ. ಹುಡುಕ್ತಾ ಹುಡುಕ್ತಾ ಮೂವತ್ತು ವರ್ಷ ಹಿಂದಕ್ಕ ಹೋಗಿಬಿಟ್ಟೆ.

ಭಾಗ 2/10

ಮೊದಲು ಲಿನಕ್ಸ್ ಹುಟ್ಟಿದ ಕಥೆ. ಗೊತ್ತಿದ್ದವರಿಗೂ ಇದರಾಗ ಒಂದು ಹೊಸ ವಿಷಯ ಐತಿ.

1991ರ ಜನವರಿ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ಗೆ ಆಗ 21 ವರ್ಷ, ಹೆಚ್ಚು ಕಡಿಮೆ ನಮ್ಮ ವಯಸ್ಸು. ಒಂದು 386 ಕಂಪ್ಯೂಟರ್ ತಗೊಂಡ. ಪೂರ್ತಿ ದುಡ್ಡು ಇರಲಿಲ್ಲ, ಕಂತಿನ ಮೇಲೆ ತಗೊಂಡ. ಅದರಲ್ಲಿದ್ದ ರ‍್ಯಾಮ್ 4 ಎಂಬಿ. ಈಗ ನಿಮ್ಮ ಫೋನಿನ ಒಂದು ಫೋಟೋ ಅದಕ್ಕಿಂತ ದೊಡ್ಡದು.

ಆ ವರ್ಷ ಆಗಸ್ಟ್ 25ಕ್ಕೆ ತಾನು ಬರೆಯುತ್ತಿರುವ ಆಪರೇಟಿಂಗ್ ಸಿಸ್ಟಂ ಬಗ್ಗೆ ಇಂಟರ್‌ನೆಟ್ ಚರ್ಚಾ ಗುಂಪಿನಲ್ಲಿ ಒಂದು ಸಂದೇಶ ಹಾಕಿದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಅಂತ ಅದರಲ್ಲಿ ಹೇಳಿದ್ದ. ಆ ಮಾತನ್ನ ಎಲ್ಲರೂ ಎತ್ತಿ ಆಡ್ತಾರ. ಅದೇ ಸಂದೇಶದ ಕೊನೆಯಲ್ಲಿ ಇನ್ನೊಂದು ಮಾತು ಇತ್ತು. ಇದು ಎಟಿ ಮಾದರಿಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಯಾವುದರಲ್ಲೂ ಬಹುಶಃ ಎಂದೂ ನಡೆಯಲಿಕ್ಕಿಲ್ಲ, ಯಾಕಂದ್ರೆ ನನ್ನ ಹತ್ತಿರ ಇರೋದು ಅದೊಂದೇ ಅಂತ.

ನೋಡ್ರಿ, ಇವತ್ತು "ಈ ಲ್ಯಾಪ್‌ಟಾಪಿನಾಗ ಲಿನಕ್ಸ್ ನಡೀತೈತೇನು?" ಅಂತ ನಾವು ಕೇಳ್ತೀವಲ್ಲ, ಆ ಪ್ರಶ್ನೆಗೆ ಮೊದಲ ದಿನದ ಉತ್ತರ ಇದು. ಬರೆಯುವವನ ಮನೆಯಲ್ಲಿ ಯಾವ ಯಂತ್ರ ಇತ್ತೋ ಅದರಲ್ಲಿ ನಡೀತಿತ್ತು. ಆಮೇಲೆ ಬೇರೆ ಬೇರೆ ಊರಿನ ಹುಡುಗರು ತಮ್ಮ ಮನೆಯ ಯಂತ್ರಕ್ಕೆ ಬೇಕಾದ ತುಣುಕು ಬರೆದು ಸೇರಿಸುತ್ತಾ ಹೋದರು. ಯಾವ ವಸ್ತು ಹೆಚ್ಚು ಜನರ ಮನೆಯಲ್ಲಿತ್ತೋ ಅದಕ್ಕೆ ಬೇಗ ಡ್ರೈವರ್ ಬಂತು. ಹೊಸದು, ಅಪರೂಪದ್ದು ಆದ್ರೆ ಕಾಯಬೇಕಾಯಿತು.

ಡ್ರೈವರ್ ಅಂದ್ರ ಬಸ್ ಡ್ರೈವರ್ ಅಲ್ಲ ಮತ್ತ. ಒಂದು ಬಿಡಿಭಾಗದ ಜೊತೆ ಹೆಂಗ ಮಾತಾಡಬೇಕು ಅಂತ ಆಪರೇಟಿಂಗ್ ಸಿಸ್ಟಂಗೆ ಹೇಳಿಕೊಡೋ ಸಾಫ್ಟ್‌ವೇರ್.

ಅಂದಹಾಗೆ ಆ 386 ಚಿಪ್ ಸರಣಿಯನ್ನ 2012ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನಿಂದಲೇ ತೆಗೆದುಹಾಕಿದರು. ಲಿನಸ್ ತಾನು ಹುಟ್ಟಿಸಿದ್ದನ್ನ ತನ್ನ ಮೊದಲ ಯಂತ್ರದಲ್ಲಿ ಈಗ ಓಡಿಸಲಾರ. ಅವನಿಗೇನೂ ಬೇಜಾರಾಗಲಿಲ್ಲವಂತೆ.

ಭಾಗ 3/10

ನಮ್ಮ ದೇಶಕ್ಕ ಲಿನಕ್ಸ್ ಬಂದಿದ್ದು ಹೆಂಗ? ಡೌನ್‌ಲೋಡ್ ಮಾಡಿ ಅಂದ್ಕೊಂಡಿದ್ರ ತಪ್ಪು.

ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಫೋನ್ ಲೈನಿನ ಮೇಲೆ, ಕಿರ್ ಕಿರ್ ಅನ್ನೋ ಮೋಡೆಮ್ ಹಚ್ಚಿ. ಆ ವೇಗದಲ್ಲಿ ಒಂದು ಸಿಡಿ ತುಂಬ ಸಾಫ್ಟ್‌ವೇರ್ ಇಳಿಸೋ ಮಾತೇ ಇಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಅನ್ನೋ ಕಂಪ್ಯೂಟರ್ ಪತ್ರಿಕೆ ತನ್ನ ಸಂಚಿಕೆ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆಮೇಲೆ ವರ್ಷಾ ವರ್ಷಾ ಇಂಥ ಸಿಡಿ ಬಂದುವು. ಪತ್ರಿಕೆ ಹೋದ ಊರಿಗೆ ಲಿನಕ್ಸ್ ಹೋಯ್ತು, ಇಂಟರ್‌ನೆಟ್ ಬರೋಕ್ಕಿಂತ ಮೊದಲೇ.

ಇನ್ನೊಂದು ದಾರಿ ಅಂಚೆ. 2004ರ ಅಕ್ಟೋಬರ್‌ನಲ್ಲಿ ಉಬುಂಟು ಶುರುವಾದ ಮೇಲೆ, ವಿಳಾಸ ಕೊಟ್ಟವರಿಗೆ ಪುಕ್ಕಟೆ ಸಿಡಿ ಕಳಿಸ್ತಿದ್ದರು. ಅಂಚೆ ಖರ್ಚೂ ಅವರದೇ. 2011ರ ತನಕ ಅದು ನಡೀತು. ನಮ್ಮ ಕಾಕಾನ ಮಗ ಅಣ್ಣನ ಹತ್ರ ಅಂಥದೊಂದು ಸಿಡಿ ಕವರ್ ಇನ್ನೂ ಐತಿ, ಎರಡನೇ ಫೋಟೋ ಅದ. ಪೋಸ್ಟ್‌ಮನ್ "ಫಾರಿನ್‌ದಿಂದ ಬಂದೈತಿ" ಅಂತ ಊರೆಲ್ಲ ಸಾರಿದ್ನಂತ.

ಹಿಂಗ ಸಿಡಿ ಕೈಗೆ ಬಂತು. ಹಾಕಿದ್ರು. ಸ್ಕ್ರೀನ್ ಬಂತು, ಮೌಸ್ ಓಡಾಡಿತು. ಇಂಟರ್‌ನೆಟ್ ಹಚ್ಚೋಣ ಅಂದ್ರ ಮೋಡೆಮ್ ಸುಮ್ಮನ ಕುಂತುಬಿಡ್ತು. ಅಗ್ಗದ ಹಾರ್ಡ್‌ವೇರಿನ ನಿಜವಾದ ಪಾಠ ಇಲ್ಲಿಂದ ಶುರು.

ಭಾಗ 4/10

1990ರ ದಶಕದ ಕೊನೆಗೆ ಎರಡು ಥರದ ಮೋಡೆಮ್ ಸಿಗ್ತಿದ್ದುವು. ಒಂದು ಹೊರಗಡೆ ಇಡೋದು, ಸೀರಿಯಲ್ ಕೇಬಲ್‌ನಿಂದ ಹಚ್ಚೋದು, ತುಟ್ಟಿ. ಇನ್ನೊಂದು ಕಂಪ್ಯೂಟರ್ ಒಳಗ ಕೂಡಿಸೋ ಕಾರ್ಡ್, ಬಹಳ ಅಗ್ಗ. ಅಗ್ಗ ಯಾಕ? ಮೋಡೆಮ್ ಮಾಡಬೇಕಾದ ಲೆಕ್ಕಾಚಾರದ ಕೆಲಸ ಮಾಡೋ ಚಿಪ್ಪನ್ನ ಆ ಕಾರ್ಡಿನಿಂದ ತೆಗೆದುಬಿಟ್ಟಿದ್ದರು. ಆ ಕೆಲಸವನ್ನ ಕಂಪ್ಯೂಟರಿನ ಮುಖ್ಯ ಚಿಪ್ ಮಾಡಬೇಕು. ಹೆಂಗ ಮಾಡಬೇಕು ಅನ್ನೋದು ವಿಂಡೋಸ್‌ಗೆ ಕೊಟ್ಟ ಡ್ರೈವರಿನಲ್ಲಿ ಇತ್ತು. ಅದಕ್ಕೇ ಇದಕ್ಕೆ ವಿನ್‌ಮೋಡೆಮ್ ಅಂತ ಹೆಸರು ಬಿತ್ತು. ಆ ಡ್ರೈವರಿನ ಗುಟ್ಟನ್ನ ಕಂಪನಿಗಳು ಹೇಳಲಿಲ್ಲ. ಲಿನಕ್ಸ್‌ಗೆ ಅದು ಮೋಡೆಮ್ ಅಲ್ಲ, ಮೋಡೆಮ್ ಆಕಾರದ ಹಲಗಿ ಅಷ್ಟ.

ಅಂದ್ರ ಬೆಲೆ ಕಡಿಮೆ ಆಗಿರಲಿಲ್ಲ. ಅರ್ಧ ಸಾಮಾನು ಪೆಟ್ಟಿಗೆಯಲ್ಲಿ ಕೊಟ್ಟು ಇನ್ನರ್ಧ ಸಾಮಾನಿನ ಕೀಲಿ ತಮ್ಮ ಹತ್ರನ ಇಟ್ಕೊಂಡಿದ್ದರು. ಬಹಳ ಜನ ಆ ಕೀಲಿ ಒಡೆಯೋಕೆ ವರ್ಷಗಟ್ಟಲೆ ದುಡಿದರು, ಕೆಲವು ಕಾರ್ಡ್ ಓಡಿಸಿದರು ಕೂಡ. ಆದ್ರೆ ಆ ಕಾಲದ ಲಿನಕ್ಸ್ ಬಳಗದವರು ಹೊಸಬರಿಗೆ ಹೇಳ್ತಿದ್ದ ಮಾತು ಒಂದೇ: ಹೊರಗಿನ ಸೀರಿಯಲ್ ಮೋಡೆಮ್ ತಗೋ, ತಲೆನೋವು ಇಲ್ಲ.

ಇದೆಲ್ಲ ಓದಿ ನಕ್ಕೆ. ನಕ್ಕಿದ್ದಕ್ಕ ಶಿಕ್ಷೆ ಆತು. ಸರ್ವರ್‌ಗೆ ಅಂತ ಒಂದು ಅಗ್ಗದ ಯುಎಸ್‌ಬಿ ವೈಫೈ ಕಡ್ಡಿ ತಂದೆ, ಡಬ್ಬಿ ಮೇಲೆ ಪೆಂಗ್ವಿನ್ ಚಿತ್ರ ಇತ್ತು. ಮನಿಗೆ ಬಂದು ಚುಚ್ಚಿದ್ರ ಲಿನಕ್ಸ್ ಅದನ್ನ ಗುರ್ತಾ ಹಿಡೀಲಿಲ್ಲ. ಒಳಗಿನ ಚಿಪ್ ಡಬ್ಬಿ ಮೇಲೆ ಹೇಳಿದ್ದಲ್ಲ, ಬ್ಯಾರೆ. ಅಂಗಡಿಯವರು "ವಿಂಡೋಸ್‌ನ್ಯಾಗ ನಡೀತೈತಲ್ಲ ತಮ್ಮ, ಮತ್ತೇನ್ ಬೇಕು" ಅಂದ್ರು. 450 ರೂಪಾಯಿ ಹೋತು. ಇಪ್ಪತ್ತೈದು ವರ್ಷ ಹಳೆ ತಪ್ಪನ್ನ ಹೊಸ ದುಡ್ಡು ಕೊಟ್ಟು ಮಾಡಿದೆ. ಮೊದಲನೇ ಫೋಟೋದಾಗಿನ ಹಳದಿ ಕೇಬಲ್ ಬಂದಿದ್ದು ಆಮೇಲೆ.

ಭಾಗ 5/10 (ಸಣ್ಣದು)

ಆ ಹಳದಿ ಕೇಬಲ್ ಹಚ್ಚಿದ ಕ್ಷಣದಾಗ ಕೆಲಸ ಮಾಡ್ತು. ಏನೂ ಇನ್‌ಸ್ಟಾಲ್ ಮಾಡಲಿಲ್ಲ. ಕೇಬಲ್ಲಿನ ನೆಟ್‌ವರ್ಕ್ ಲಿನಕ್ಸ್‌ನ್ಯಾಗ ಇಷ್ಟು ಸಲೀಸಾಗಿ ನಡೆಯೋದಕ್ಕ ಒಂದು ಹಳೆ ಕಾರಣ ಐತಿ, ಅದು ಅಮೆರಿಕದ ನಾಸಾದಾಗ.

1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್‌ಗೆ ದೊಡ್ಡ ಲೆಕ್ಕ ಮಾಡೋ ಯಂತ್ರ ಬೇಕಿತ್ತು, ಸೂಪರ್ ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಅಂಗಡಿಯಲ್ಲಿ ಸಿಗೋ 486 ಚಿಪ್ಪಿನ 16 ಕಂಪ್ಯೂಟರ್ ಸಾಲಾಗಿ ಇಟ್ಟು, ಸಾಮಾನ್ಯ ನೆಟ್‌ವರ್ಕ್ ಕಾರ್ಡ್ ಹಾಕಿ, ಮೇಲೆ ಲಿನಕ್ಸ್ ಓಡಿಸಿದರು. ಹೆಸರು ಬಿಯೊವುಲ್ಫ್. ಕಾರ್ಡುಗಳಿಗೆ ಡ್ರೈವರ್ ಬೇಕಲ್ಲ, ಬೆಕರ್ ಕುಂತು ಬರೆದರು. ಒಂದಲ್ಲ ಎರಡಲ್ಲ, ಆ ಕಾಲದಲ್ಲಿ ಸಿಗ್ತಿದ್ದ ಹತ್ತಾರು ಕಾರ್ಡುಗಳಿಗೆ. ಬರೆದಿದ್ದನ್ನೆಲ್ಲ ಊರಿಗೇ ಕೊಟ್ಟರು. ಸೂಪರ್ ಕಂಪ್ಯೂಟರ್‌ಗೆ ದುಡ್ಡಿಲ್ಲದವರು ಮಾಡಿದ ಕೆಲಸದಿಂದ ಮನೆ ಮನೆಯ ಹಳೆ ಪಿಸಿ ಸರ್ವರ್ ಆಗೋಕೆ ದಾರಿ ಆಯ್ತು.

ಭಾಗ 6/10

ಈಗ ಬರ್ರಿ ಬೆಂಗಳೂರಿಗೆ. ಈ ಸರಣಿ ಬರೆಯೋಕೆ ಮುಖ್ಯ ಕಾರಣ ಈ ಕಥೆ. ನಮ್ಮ ಕ್ಲಾಸಿನಾಗ ಕೇಳಿದ್ರ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅದೂ ಹೆಸರಷ್ಟ.

ಸಿಂಪ್ಯೂಟರ್.

1998ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಒಂದು ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೀತು. ಬಡ ದೇಶಗಳಿಗೆ ಕಂಪ್ಯೂಟರ್ ಹೆಂಗ ಮುಟ್ಟಿಸೋದು ಅನ್ನೋದು ವಿಷಯ. ಅಲ್ಲಿಂದ ಎದ್ದ ವಿಚಾರ: ಹಳ್ಳಿಗೆ ಪಿಸಿ ಒಯ್ಯೋದಲ್ಲ, ಹಳ್ಳಿಗೆ ಅಂತಲೇ ಒಂದು ಯಂತ್ರ ಮಾಡೋದು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಇವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ 1999ರಲ್ಲಿ ಒಂದು ಟ್ರಸ್ಟ್ ಮಾಡಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಗೆ ತಂದರು.

ಅಂಗೈಗಿಂತ ಸ್ವಲ್ಪ ದೊಡ್ಡ ಯಂತ್ರ. ಕೀಬೋರ್ಡ್ ಇಲ್ಲ, ಸ್ಕ್ರೀನ್ ಮೇಲೆ ಕಡ್ಡಿಯಿಂದ ಮುಟ್ಟಬೇಕು. ಒಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್ ಆರ್ಮ್ ಚಿಪ್. ಆಪರೇಟಿಂಗ್ ಸಿಸ್ಟಂ ಯಾವುದು? ಲಿನಕ್ಸ್. ಯಾಕಂದ್ರೆ ಪ್ರತಿ ಯಂತ್ರಕ್ಕೂ ಪರವಾನಗಿ ದುಡ್ಡು ಕೊಟ್ಟರೆ ಅಗ್ಗ ಅನ್ನೋ ಮಾತಿಗೆ ಅರ್ಥ ಇರಲ್ಲ. ಗುರಿ ಇಟ್ಟ ಬೆಲೆ 9,000 ರೂಪಾಯಿ. ಯಂತ್ರದ ವಿನ್ಯಾಸವನ್ನೂ ಮುಚ್ಚಿಡಲಿಲ್ಲ, ಸಾಫ್ಟ್‌ವೇರಿಗೆ ಇರೋ ಮುಕ್ತ ಪರವಾನಗಿಯ ಹಾಗೆ ಹಾರ್ಡ್‌ವೇರಿಗೂ ಒಂದು ಪರವಾನಗಿ ಬರೆದರು. ಅವತ್ತಿಗೆ ಅದು ದೊಡ್ಡ ಧೈರ್ಯ.

ನನಗೆ ಬಹಳ ಇಷ್ಟ ಆಗಿದ್ದು ಎರಡು ವಿಷಯ. ಒಂದು, ಸ್ಮಾರ್ಟ್ ಕಾರ್ಡ್. 9,000 ಕೂಡ ಒಂದು ಬಡ ಮನೆಗೆ ಹೆಚ್ಚೇ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಯಂತ್ರ ಊರಿಗೊಂದು, ಕಾರ್ಡ್ ಆಳಿಗೊಂದು. ನಿಮ್ಮ ಕಾರ್ಡ್ ಹಾಕಿದರೆ ನಿಮ್ಮ ಮಾಹಿತಿ, ತೆಗೆದು ಅಕ್ಕನ ಕಾರ್ಡ್ ಹಾಕಿದರೆ ಅಕ್ಕನದು. ಎರಡು, ಧ್ವನಿ. ಓದೋಕೆ ಬಾರದವರಿಗೆ ಯಂತ್ರವೇ ಓದಿ ಹೇಳಬೇಕು ಅಂತ, ಭಾರತೀಯ ಭಾಷೆಗಳ ಪಠ್ಯವನ್ನ ಮಾತಾಗಿಸೋ ಧ್ವನಿ ಅನ್ನೋ ಸಾಫ್ಟ್‌ವೇರ್ ಮಾಡಿದರು. ಅದರಲ್ಲಿ ಕನ್ನಡ ಇತ್ತು. 2001ರ ಸುಮಾರಿಗೆ, ಅಂಗೈ ಮೇಲೆ ಕನ್ನಡ ಮಾತಾಡೋ ಲಿನಕ್ಸ್!

ಭಾಗ 7/10

ಹಂಗಾದ್ರ ಅದು ನಮ್ಮ ಮನಿಯಾಗ ಯಾಕಿಲ್ಲ?

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ಪಿಕೋಪೆಟಾ ಅನ್ನೋ ಕಂಪನಿ ಅಮಿದ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ತಂತು. ಯಂತ್ರವನ್ನ ಕೈಯಲ್ಲಿ ಅಲುಗಾಡಿಸಿದರೆ ಪುಟ ತಿರುಗೋದು ಅದರಲ್ಲಿತ್ತು. ಐಫೋನ್ ಬರೋಕೆ ಇನ್ನೂ ಮೂರು ವರ್ಷ ಇದ್ದುವು, ನೆನಪಿರಲಿ. ಬೆಲೆ ಮಾತ್ರ ಸುಮಾರು 10,000ದಿಂದ ಶುರುವಾಗಿ, ಬಣ್ಣದ ಸ್ಕ್ರೀನ್ ಬೇಕಂದ್ರೆ ಅದರ ಹತ್ತಿರ ಹತ್ತಿರ ಎರಡರಷ್ಟು. ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಒಂದಿಷ್ಟು ಬಳಸಿತು. ಬೇರೆ ಕಡೆ ಶಾಲೆಗಳಲ್ಲಿ ಪ್ರಯೋಗ ನಡೆದುವು. ಒಟ್ಟು ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು.

ಇಂಜಿನಿಯರಿಂಗ್ ಕೆಟ್ಟದಿತ್ತು ಅಂತ ಯಾರೂ ಹೇಳಲ್ಲ. ನನ್ನ ಲೆಕ್ಕದಾಗ ಕಾರಣ ಬ್ಯಾರೆ. ಚಿಪ್, ಸ್ಕ್ರೀನ್, ಮೆಮೊರಿ, ಇವು ಲಕ್ಷಗಟ್ಟಲೆ ಕೊಂಡವರಿಗೆ ಮಾತ್ರ ಅಗ್ಗ. ಸಾವಿರ ಕೊಂಡವರಿಗೆ ಸಂತಿಯಾಗ ಚಿಲ್ಲರೆ ಕೊಂಡ ರೇಟೇ. ಹಳ್ಳಿಗೆ ಅಂತ ವಿಶೇಷವಾಗಿ ಮಾಡಿದ ಯಂತ್ರ ಹಳ್ಳಿಗೆ ಮಾತ್ರ ಮಾರಾಟ ಆಗಬೇಕು. ಹಳ್ಳಿ ಕೊಳ್ಳಬೇಕಂದ್ರೆ ಅಗ್ಗ ಇರಬೇಕು. ಅಗ್ಗ ಆಗಬೇಕಂದ್ರೆ ಮೊದಲು ಲಕ್ಷಗಟ್ಟಲೆ ಮಾರಾಟ ಆಗಬೇಕು. ಈ ಸುತ್ತಿನೊಳಗ ಸಿಂಪ್ಯೂಟರ್ ಸಿಕ್ಕಿಬಿತ್ತು.

ಅದೇ ಹೊತ್ತಿಗೆ ಇನ್ನೊಂದು ಯಂತ್ರ ಹಳ್ಳಿಗೆ ಬರಾಕತ್ತಿತ್ತು. 2003ರ ಜುಲೈನಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿದರೆ ಮೊಬೈಲ್ ಅಂದರು, ಉಳಿದಿದ್ದು ಕಂತು. ಅದೇ ವರ್ಷ ನೋಕಿಯಾ 1100 ಬಂತು. ಟಾರ್ಚ್ ಇದ್ದ ಫೋನು, ನಮ್ಮ ಅಪ್ಪನ ಮೊದಲನೇ ಫೋನೂ ಅದ. ಅದರಾಗ ಕನ್ನಡ ಮಾತಾಡೋ ಸಾಫ್ಟ್‌ವೇರ್ ಇರಲಿಲ್ಲ, ಕನ್ನಡ ಮಾತಾಡೋ ಮನುಷ್ಯರು ಆ ಕಡೆ ಇದ್ದರು. ಜನ ಅದನ್ನ ಆರಿಸ್ಕೊಂಡ್ರು. ತಪ್ಪು ಅನ್ನೋಕಾಗಲ್ಲ.

ಆದ್ರೂ ಸಿಂಪ್ಯೂಟರ್ ಸೋತಿತು ಅಂತ ಒಂದೇ ಮಾತಲ್ಲಿ ಮುಗಿಸೋರು ಕಂಡ್ರೆ ನನಗ ಸಿಟ್ಟು ಬರ್ತೈತಿ. ಒಂದು ಯಂತ್ರ, ಹಲವರ ಖಾತೆ, ಒಳಗೆ ಲಿನಕ್ಸ್, ಮಾಹಿತಿ ಜನರ ಕೈಯಲ್ಲೇ. ಇವತ್ತು ನಾವು ಹೋಮ್ ಸರ್ವರ್ ಅಂತ ಹೆಮ್ಮೆಲೆ ಹೇಳ್ಕೊಳ್ಳೋದು ಇದನ್ನ ಅಲ್ಲೇನು?

ಭಾಗ 8/10

ಸಿಂಪ್ಯೂಟರ್‌ಗೆ ದಕ್ಕದ್ದು ಇಂಗ್ಲೆಂಡಿನ ರಾಸ್ಬೆರಿ ಪೈಗೆ ದಕ್ಕಿತು. 2012ರ ಫೆಬ್ರವರಿ 29ಕ್ಕೆ ಮಾರಾಟ ಶುರು, 35 ಡಾಲರ್, ಎಟಿಎಂ ಕಾರ್ಡಿನಷ್ಟು ಬೋರ್ಡ್, ಮೇಲೆ ಲಿನಕ್ಸ್. ಅಷ್ಟು ಅಗ್ಗಕ್ಕೆ ಹೆಂಗ ಸಾಧ್ಯ ಆಯ್ತು? ಅದರ ಚಿಪ್ ಮಕ್ಕಳ ಕಂಪ್ಯೂಟರಿಗೆ ಅಂತ ಮಾಡಿದ್ದಲ್ಲ. ಟಿವಿಗೆ ಹಚ್ಚೋ ಪೆಟ್ಟಿಗೆಯಂಥ ಸಾಧನಗಳಿಗೆ ಬ್ರಾಡ್‌ಕಾಂ ಕಂಪನಿ ಮಾಡ್ತಿದ್ದ ಜಾತಿಯದು. ಪೈ ಹಿಂದಿದ್ದ ಎಬೆನ್ ಅಪ್ಟನ್ ಆ ಕಂಪನಿಯಲ್ಲೇ ಕೆಲಸಕ್ಕಿದ್ದರು. ದೊಡ್ಡ ಮಾರುಕಟ್ಟೆಗೆ ಅಂತ ಹುಟ್ಟಿದ ಚಿಪ್ಪಿನ ಬೆನ್ನು ಹತ್ತಿ ಸಣ್ಣ ಯಂತ್ರ ಬಂತು. ಹಿಂದಿನ ಪೋಸ್ಟಿನಾಗ ಹೇಳಿದ ಸುತ್ತಿನಿಂದ ಹೊರಗ ಬರೋ ದಾರಿ ಇದು.

ನಮ್ಮ ರಾಜ್ಯದಲ್ಲೇ ಇದರ ಚಂದದ ಬಳಕೆ ಐತಿ. ತುಮಕೂರು ಹತ್ತಿರ ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಜನಸ್ತು ಅನ್ನೋ ಬೆಂಗಳೂರಿನ ಸಂಸ್ಥೆ ಊರವರದೇ ವೈಫೈ ಜಾಲ ಕಟ್ಟಿದೆ. ಪೈನಂಥ ಪುಟ್ಟ ಕಂಪ್ಯೂಟರೇ ಸರ್ವರ್. ಊರಿನವರು ತಮ್ಮ ಕಥೆ, ಮಾತು ಧ್ವನಿಯಲ್ಲಿ ಹೇಳ್ತಾರೆ, ಅದು ಅಲ್ಲೇ ಊರಲ್ಲೇ ಉಳಿಯುತ್ತೆ. ಇದನ್ನ ಓದಿದ ದಿನ ನನಗ ಅಜ್ಜಿ ಪದ ನೆನಪಾಗಿ ನಿದ್ದಿ ಹತ್ತಲಿಲ್ಲ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನ ಕೇಳಿದ್ರ ಅವರು ನಮಗ ನಗ್ತಾರ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಅಂದ್ರೇನೇ ಲಿನಕ್ಸ್. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತೆ. ಸರ್ಕಾರ ಸಾವಿರಾರು ಶಾಲೆಗೆ ಯಂತ್ರ ಕೊಳ್ಳುವಾಗ "ಲಿನಕ್ಸ್ ನಡೆಯಲೇಬೇಕು" ಅಂತ ಬರೆದರೆ ಮಾರೋರು ತಾವೇ ಚಿಪ್ ನೋಡ್ಕೊಂಡು ತರ್ತಾರೆ. ನಾನು ಒಬ್ಬನ ಹೋಗಿ ಕೇಳಿದ್ದಕ್ಕ ವೈಫೈ ಕಡ್ಡಿ ಸಿಕ್ತು.

ಪೈ ನಾನು ಯಾಕ ತಗೊಳ್ಳಲಿಲ್ಲ ಅಂತೀರಾ? ಬೋರ್ಡಿನ ಬೆಲೆ ಒಂದೇ ಅಲ್ಲ. ಅದಕ್ಕ ಅಡಾಪ್ಟರ್, ಡಬ್ಬಿ, ಮೆಮೊರಿ ಕಾರ್ಡ್, ಹಾಡು ಇಡೋಕ ಡಿಸ್ಕ್, ಎಲ್ಲ ಕೂಡಿಸಿದ್ರ 5,000 ದಾಟಿಹೋತು. 2021ರ ನಂತರ ಚಿಪ್ ಬರ ಬಂದಾಗಂತೂ ಪೈ ಸಿಗೋದೇ ಕಷ್ಟ ಆಗಿತ್ತು. ಮ್ಯಾಲ ಇನ್ನೊಂದು, ಕರೆಂಟ್. ಮುನಿರಾಬಾದಿನ ವಿದ್ಯುತ್ ಕೇಂದ್ರ ನಮ್ಮ ಪಕ್ಕಕ್ಕ ಐತಿ, ಆದ್ರ ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಹಂಗ. ಬರೆಯೋ ಹೊತ್ತಿನಾಗ ಕರೆಂಟ್ ಹೋದ್ರ ಮೆಮೊರಿ ಕಾರ್ಡ್ ಕೆಡೋ ಸಂಭವ ಹೆಚ್ಚು. ಇನ್ನೊಮ್ಮೆ ಹಾಡು ಕಳಕೊಳ್ಳೋ ಧೈರ್ಯ ನನಗಿರಲಿಲ್ಲ.

ಭಾಗ 9/10

ಹಂಗಾದ್ರ ಸೆಕೆಂಡ್ ಹ್ಯಾಂಡ್.

2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚು ಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಮೈಕ್ರೋಸಾಫ್ಟ್ ಗೆರೆ ಎಳೀತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗೀತು. ಆರನೇ, ಏಳನೇ ತಲೆಮಾರಿನ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಆಫೀಸುಗಳಿಗೆ ಬ್ಯಾಡಾದುವು. ಅವು ಬೆಂಗಳೂರಿನ ಎಸ್‌ಪಿ ರೋಡಿಗೆ ಬರ್ತಾವು, ಅಲ್ಲಿಂದ ನಮ್ಮ ಕಡೆ ಅಂಗಡಿಗೂ ಬರ್ತಾವು. ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳ ಟಿಫಿನ್ ಡಬ್ಬಿಯಷ್ಟರ ಮಿನಿ ಪಿಸಿ ನೋಡಿರಬೇಕು. ಒಂದು ಕಂಪನಿ ಸಾಫ್ಟ್‌ವೇರಿನ ಗೆರೆ ಎಳೆದಿದ್ದರಿಂದ ಇನ್ನೊಬ್ಬರ ಪಾಲಿಗೆ ಹಾರ್ಡ್‌ವೇರ್ ಅಗ್ಗ ಆಯ್ತು. ವಿನ್‌ಮೋಡೆಮ್ ಕಥೆ ತಲೆಕೆಳಗಾಗಿ ಬಂತು ನೋಡ್ರಿ. ಅಂದು ಅಗ್ಗದ್ದು ನಮಗ ನಡೀತಿರಲಿಲ್ಲ, ಇಂದು ಅವರಿಗೆ ನಡೀದಿದ್ದು ನಮಗ ಅಗ್ಗ.

ಹಳೇದು ಆಗಿರೋದೇ ಇಲ್ಲಿ ಗುಣ. ಎಂಟು ಹತ್ತು ವರ್ಷದಲ್ಲಿ ಆ ಚಿಪ್ಪಿಗೆ ಡ್ರೈವರ್ ಬರೆದು, ತಪ್ಪು ತಿದ್ದಿ, ಜಗತ್ತೇ ಪರೀಕ್ಷೆ ಮಾಡಿ ಆಗಿರುತ್ತೆ. ಆದ್ರೆ ತೀರಾ ಹಳೇದು ಬ್ಯಾಡ. 32 ಬಿಟ್ ಯಂತ್ರ ಯಾರಾದ್ರೂ ಪುಕ್ಕಟೆ ಕೊಟ್ಟರೂ ಬಿಡ್ರಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅಂಥದ್ದರಲ್ಲಿ ಇನ್‌ಸ್ಟಾಲ್ ಆಗಲ್ಲ.

ಅಂಗಡಿಗೆ ಹೋಗೋವಾಗ ಕಿಸೇದಾಗ ಒಂದು ಲೈವ್ ಪೆನ್‌ಡ್ರೈವ್ ಒಯ್ರಿ. ಇನ್‌ಸ್ಟಾಲ್ ಮಾಡದೇನೇ ಲಿನಕ್ಸ್ ಓಡಿಸಿ ನೋಡೋ ಈ ಪದ್ಧತಿಯನ್ನ ಊರಿಗೆಲ್ಲ ರೂಢಿ ಮಾಡಿಸಿದ್ದು ಜರ್ಮನಿಯ ಕ್ಲಾಸ್ ನಾಪರ್, 2000ನೇ ಇಸವಿಯಲ್ಲಿ, ನಾಪಿಕ್ಸ್ ಅನ್ನೋ ಸಿಡಿಯಿಂದ. ಪೆನ್‌ಡ್ರೈವ್ ಹಾಕಿ ಚಾಲು ಮಾಡ್ರಿ, ಕೇಬಲ್ ಹಚ್ಚಿ ನೆಟ್ ನೋಡ್ರಿ, ಡಿಸ್ಕಿನ ಆರೋಗ್ಯ ನೋಡ್ರಿ, ಹತ್ತು ನಿಮಿಷ ಬಿಟ್ಟು ಫ್ಯಾನ್ ಕಿರುಚ್ತೈತೇನು ಕೇಳ್ರಿ. "ಹಂಗೆಲ್ಲ ಹಾಕಬ್ಯಾಡ್ರಿ" ಅಂದ್ರ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗ್ರಿ. ನಾನು ಹಂಗ ಮೂರು ಅಂಗಡಿ ದಾಟಿದೆ. ಒಂದು ಮಿನಿ ಪಿಸಿ ಚಲೋ ಇತ್ತು, ಬೆಲೆ ಅಪ್ಪ ಕೊಟ್ಟಿದ್ದಕ್ಕಿಂತ ಮ್ಯಾಲ ಇತ್ತು. ಬರಿಗೈಲೆ ಬಂದೆ.

ಭಾಗ 10/10

ಇನ್ನ ಅವ್ವನ ಷರತ್ತು.

ಗೃಹಜ್ಯೋತಿ 2023ರಲ್ಲಿ ಬಂತಲ್ಲ, ಅದರ ಲೆಕ್ಕ ಬಹಳ ಮಂದಿಗೆ ಪೂರ್ತಿ ಗೊತ್ತಿಲ್ಲ. 200 ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಅಂತಲ್ಲ. ನಿಮ್ಮ ಮನೆಯ ಹಳೆ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ. ಮೊದಲು ಆ ಸ್ವಲ್ಪ ಅಂದ್ರೆ ಶೇ 10 ಇತ್ತು, 2024ರಲ್ಲಿ 10 ಯೂನಿಟ್ ಅಂತ ಮಾಡಿದರು. ಅದನ್ನ ದಾಟಿದರೆ ದಾಟಿದಷ್ಟಕ್ಕೆ ದುಡ್ಡು.

ಈಗ ಗುಣಾಕಾರ ಮಾಡ್ರಿ. ಹಳೆ ದೊಡ್ಡ ಡೆಸ್ಕ್‌ಟಾಪ್ 60 ವ್ಯಾಟ್ ಎಳೀತೈತಿ ಅಂದ್ಕೊಳ್ರಿ. ದಿನಕ್ಕ 24 ತಾಸು, ತಿಂಗಳಿಗೆ 30 ದಿನ. 43 ಯೂನಿಟ್. ಅವ್ವನ ಸೊನ್ನಿ ಅಲ್ಲೇ ಹೋತು. ಪುಕ್ಕಟೆ ಸಿಕ್ಕ ಡೆಸ್ಕ್‌ಟಾಪ್ ತಿಂಗಳಾ ತಿಂಗಳಾ ಬಿಲ್ ಹಚ್ಕೊಂಡು ಬರ್ತೈತಿ. 12 ವ್ಯಾಟ್ ಎಳೆಯೋ ಯಂತ್ರ ಆದ್ರ ಎಂಟೂವರೆ ಯೂನಿಟ್ ಸುಮಾರು. 10ರ ಒಳಗ ಬಂತು.

12 ವ್ಯಾಟಿನ ಯಂತ್ರ ಎಲ್ಲಿ ಐತಿ ಅಂತ ಅಂಗಡಿ ಅಂಗಡಿ ಹುಡುಕಿ ಮನಿಗೆ ಬಂದಾಗ ಅಣ್ಣನ ಫೋನ್ ಬಂತು. ಅವನ ಹಳೆ ಲ್ಯಾಪ್‌ಟಾಪ್, ಸ್ಕ್ರೀನ್ ಒಡೆದಿದ್ದು, ರಿಪೇರಿ ಖರ್ಚು ಕೇಳಿ ಮಂಚದ ಕೆಳಗ ಹಾಕಿದ್ದನಂತ. "ಬೇಕಾದ್ರ ತಗೊಂಡು ಹೋಗಲೇ, ಗುಜರಿಗೆ ಹಾಕೋದು ತಪ್ತೈತಿ" ಅಂದ. ಸರ್ವರ್‌ಗೆ ಸ್ಕ್ರೀನ್ ಯಾಕ ಬೇಕು? ಸ್ಕ್ರೀನ್ ಆಫ್ ಇದ್ರ ಲ್ಯಾಪ್‌ಟಾಪ್ ಎಳೆಯೋದು ಅಷ್ಟ. ಬ್ಯಾಟರಿ ಇರೋದರಿಂದ ಕರೆಂಟ್ ಹೋದ್ರೂ ಬೀಳಲ್ಲ, ಯುಪಿಎಸ್ ಒಳಗನ ಐತಿ. ಸಾಮಾನು ಇಳಿಸಾಕ ಹೊಸಪೇಟಿಗೆ ಹೊಂಟಿದ್ದ ಅವನ ದೋಸ್ತನ ಗಾಡಿಯಾಗ ಅದು ಬಂತು, ಹಿಟ್ನಾಳ ಟೋಲ್ ಹತ್ರ ರಾತ್ರಿ ಹನ್ನೊಂದಕ್ಕ ನಿಂತು ಇಸ್ಕೊಂಡೆ.

ಡೆಬಿಯನ್ ಹಾಕಿದೆ. ಮುಚ್ಚಳ ಮುಚ್ಚಿದ್ರೂ ಮಲಗಬ್ಯಾಡ ಅಂತ ಒಂದು ಸೆಟ್ಟಿಂಗ್, ಬ್ಯಾಟರಿ 80ಕ್ಕ ನಿಲ್ಲು ಅಂತ ಇನ್ನೊಂದು. ಎಲ್ಲ ಲ್ಯಾಪ್‌ಟಾಪಿನಾಗ ಎರಡನೇದು ಸಿಗಲ್ಲ. ಹಳೆ ಬ್ಯಾಟರಿ ಉಬ್ಬಿದ್ರ ಮುಲಾಜಿಲ್ಲದ ತೆಗೆದುಬಿಡ್ರಿ, ನಮ್ಮ ಕಡೆ ಬ್ಯಾಸಿಗಿಗೆ ಅದು ಅಪಾಯ. ಗಾಳಿ ಆಡ್ಲಿ ಅಂತ ನಾನು ಯಂತ್ರ ನಿಲ್ಲಿಸಿ ಇಟ್ಟೀನಿ. ಅಪ್ಪ ಕೊಟ್ಟ ದುಡ್ಡಿನಾಗ ಎಸ್‌ಎಸ್‌ಡಿ ಒಂದು, ಬ್ಯಾಕಪ್‌ಗೆ ಹೊರಗಿನ ಡಿಸ್ಕ್ ಒಂದು ಬಂತು. ಡಿಸ್ಕ್ ಅತ್ತಿ ಮನಿಯಾಗ ಇರ್ತೈತಿ, ತಿಂಗಳಿಗೊಮ್ಮೆ ತಂದು ಕಾಪಿ ಮಾಡ್ತೀನಿ. ವೈಫೈ ಕಡ್ಡಿ ಡಬ್ಬಿ ಸಮೇತ ಹಂಗ ಐತಿ, ವಿಂಡೋಸ್ ಇದ್ದವರಿಗೆ ಬೇಕಾದ್ರ ಡಿಎಂ ಮಾಡ್ರಿ.

11 ಪದ ಅದರೊಳಗ ಹೋದುವು. ಆಮೇಲೆ ಅತ್ತಿ ಫೋನಿನಾಗ ಮೂರು ಸಿಕ್ಕುವು, ಸಣ್ಣ ಕಾಕಾನ ಹಳೆ ಮೆಮೊರಿ ಕಾರ್ಡಿನಾಗ ಎರಡು. ಒಂದರಾಗ ಅಜ್ಜಿ ನಡುವ ನಿಲ್ಲಿಸಿ "ಇನ್ನೂ ಚಾಲು ಐತೇನದು?" ಅಂತ ಕೇಳ್ತಾಳ. ಈಗ 16 ಆಗ್ಯಾವು. ಹಿಟ್ನಾಳ, ಹುಲಿಗಿ, ಅಗಳಕೇರಿ ಕಡೆ ಯಾರ ಮನಿಯಾಗರ ಬೀಸುಕಲ್ಲಿನ ಪದದ ರೆಕಾರ್ಡಿಂಗ್ ಇದ್ರ, ಅಜ್ಜಿ ಹೆಸರು, ಊರು ಬರೆದು ಕಳಿಸ್ರಿ. ಅವರ ಮನಿಯವರ ಒಪ್ಪಿಗಿ ಇದ್ರ ಮಾತ್ರ ಇಟ್ಕೊಂತೀನಿ.

ಕೊನೇ ಫೋಟೋ ಈ ತಿಂಗಳ ಜೆಸ್ಕಾಂ ಬಿಲ್. ಆರ್‌ಆರ್ ನಂಬರ್ ಮುಚ್ಚೀನಿ. ಕೆಳಗಿನ ಸೊನ್ನಿಗೆ ಪೆನ್ನಿನಿಂದ ಗೋಲ್ ಹಾಕಿದ್ದು ಅವ್ವ.